ಎದೆಯುರಿಯಿಂದ ಮಂಡಿನೋವು ಬರುತ್ತಾ? ಜೀನ್ ನೋಡಿ ಹೇಗೆ ಹೇಳ್ತಾರೆ?

ಪಾವಗಡದಲ್ಲಿರುವ ನಿಮ್ಮ ಅಮ್ಮನಿಗೆ ಎದೆಯುರಿ, ಮಂಡಿನೋವು ಎರಡೂ ಇದೆ, ಒಂದರಿಂದ ಇನ್ನೊಂದು ಬಂತಾ ಅಂತ ಕೇಳಿದ್ದೀರಿ. ಬರೀ ಎರಡೂ ಇರುವ ರೋಗಿಗಳನ್ನು ಎಣಿಸಿದರೆ ಇದು ಗೊತ್ತಾಗಲ್ಲ. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್ ಮಾತ್ರೆಯೇ ಹೊಟ್ಟೆ ಕೆಡಿಸಬಹುದು; ಬೊಜ್ಜು ಎರಡನ್ನೂ ತರಬಹುದು.

ಜೀನ್‌ಗಳು ಹಾಗಲ್ಲ. ಗರ್ಭ ಕಟ್ಟುವಾಗಲೇ ಚೀಟಿ ಎತ್ತಿದ ಹಾಗೆ ಹಂಚಿಹೋಗಿರುತ್ತವೆ, ಆಮೇಲೆ ನುಂಗಿದ ಮಾತ್ರೆಗೆ ಬದಲಾಗಲ್ಲ. ಹಾಗಾಗಿ ಆಸಿಡ್ ರಿಫ್ಲಕ್ಸ್ (ಹೊಟ್ಟೆಯ ಆಮ್ಲ ಮೇಲೆ ಬಂದು ಎದೆಯುರಿ ತರುವ ತೊಂದರೆ) ಕಡೆ ವಾಲಿಸುವ ಡಿಎನ್‌ಎ ವ್ಯತ್ಯಾಸಗಳನ್ನು ಹುಟ್ಟಿನಿಂದ ಹೊತ್ತವರಲ್ಲಿ ಸಂಧಿವಾತವೂ (ಕೀಲುನೋವಿನ ಕಾಯಿಲೆ) ಹೆಚ್ಚಾ ಅಂತ ನೋಡ್ತಾರೆ. ಈ ವಿಧಾನದ ಹೆಸರು ಮೆಂಡೆಲಿಯನ್ ರ್‍ಯಾಂಡಮೈಸೇಶನ್.

ತೊಡಕೇನಂದ್ರೆ, ಆ ವ್ಯತ್ಯಾಸಗಳಲ್ಲಿ ಕೆಲವು ದೇಹದ ತೂಕಕ್ಕೂ ತಳಕು ಹಾಕಿಕೊಂಡಿವೆ. ಅದನ್ನು ಬೇರ್ಪಡಿಸದೆ ‘ರಿಫ್ಲಕ್ಸೇ ಕಾರಣ’ ಅಂದರೆ ನಾನಂತೂ ಒಪ್ಪಲ್ಲ. ಸಂಧಿವಾತದಲ್ಲೂ ಕೀಲು ಸವೆದು ಬರುವ ಆಸ್ಟಿಯೋಆರ್ಥ್ರೈಟಿಸ್ ಲೆಕ್ಕ ಬೇರೆ, ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಲೆಕ್ಕ ಬೇರೆ. ಇಂಥ ಅಧ್ಯಯನಗಳು ನೆಚ್ಚಿಕೊಳ್ಳುವ ಯುಕೆ ಬಯೋಬ್ಯಾಂಕ್‌ನ (ಬ್ರಿಟನ್ನಿನ ಆರೋಗ್ಯ, ಜೀನ್ ಮಾಹಿತಿಯ ಭಂಡಾರ) ಸುಮಾರು 5 ಲಕ್ಷ ಜನರಲ್ಲಿ ಬಹುಪಾಲು ಯುರೋಪ್ ಮೂಲದವರು; ಹಾಗಾಗಿ ಅಲ್ಲಿ ಸಿಕ್ಕ ಉತ್ತರ ನಮ್ಮವರಿಗೆ ಹಾಗೇ ಹೊಂದದಿರಬಹುದು.

ಅಲ್ಲದೆ ನಿಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಇದೆಯಲ್ಲ! ಲೀಟರಿಗೆ 1.5 ಮಿಲಿಗ್ರಾಂ ಮಿತಿಗಿಂತ ತುಂಬಾ ಹೆಚ್ಚಿದ್ದರೆ, ವರ್ಷಗಟ್ಟಲೆ ಕುಡಿದವರ ಕೀಲು ಬಿಗಿದು ನೋಯುತ್ತದೆ. ಅಮ್ಮ ಕುಡಿಯುವ ನೀರು, ನುಂಗುತ್ತಿರುವ ಮಾತ್ರೆ ಎರಡನ್ನೂ ಮೊದಲು ಡಾಕ್ಟರಿಗೆ ಹೇಳಿ.