ಕ್ರಿಸ್‌ಮಸ್ ರಜೆಗೆ ಚೆನ್ನೈ: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ವರ್ಷ, ಅಂದರೆ 2026ರಲ್ಲಿ, ಕ್ರಿಸ್‌ಮಸ್ ಶುಕ್ರವಾರ ಬಂದಿದೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ರಜೆ. ಎಲ್ಲಿಗೆ ಹೋಗೋಣ ಎಂದು ಕೇಳಿ ಬಂದ ಪತ್ರಗಳಲ್ಲಿ ಚೆನ್ನೈ ವಿಷಯವೇ ಜಾಸ್ತಿ ಇತ್ತು. ನನಗೆ ಬಹಳ ಇಷ್ಟದ ಊರು ಅದು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಚೆನ್ನೈಗೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರಿಗೂ ನನಗೂ ಸಂಗೀತ ಅಂದರೆ ಪ್ರಾಣ. ಎಂಟನೇ ಕ್ರಾಸ್ ಗಣಪತಿ ಕಛೇರಿಗಳನ್ನು ತಪ್ಪಿಸುವುದೇ ಇಲ್ಲ. ಚೆನ್ನೈನ ಡಿಸೆಂಬರ್ ಸಂಗೀತ ಸೀಸನ್ ಒಂದು ಸಲವಾದರೂ ಕೇಳಬೇಕೆಂದು ಬಹಳ ವರ್ಷದ ಆಸೆ. ಮೂರು ದಿನ ಸಾಕಾಗುತ್ತದಾ? ಎಲ್ಲಿ ಉಳಿಯಬೇಕು? ಯಾವ ಸಂಗೀತ ಸಭೆಗೆ ಹೋಗಬೇಕು?
(ಸರಸ್ವತಿಪುರಂ, ಮೈಸೂರು)

ಉತ್ತರ: ಸಾಕಾಗುತ್ತದೆ ಮೇಡಂ. ಆದರೆ ಇಡೀ ಚೆನ್ನೈ ನೋಡಿಬಿಡೋಣ ಅನ್ನುವ ಆಸೆ ಬಿಡಬೇಕು. ಮೈಲಾಪುರದಲ್ಲಿ ರೂಮು ಮಾಡಿ. ಅಲ್ಲಿಂದ ನಡೆದು ಹೋಗುವಷ್ಟು, ಇಲ್ಲವೇ ಸ್ವಲ್ಪ ಹೊತ್ತಿನ ಆಟೋ ದೂರದಲ್ಲಿ ಏನಿದೆಯೋ ಅಷ್ಟನ್ನೇ ಕೇಳಿ, ಅಷ್ಟನ್ನೇ ನೋಡಿ. ಸೀಸನ್‌ಗೆ ಮೊದಲ ಸಲ ಹೋದವರು ಕಾರ್ಯಕ್ರಮದ ಪಟ್ಟಿ ಹಿಡಿದು ಟಿ. ನಗರದಿಂದ ಆಳ್ವಾರ್‌ಪೇಟೆಗೆ, ಅಲ್ಲಿಂದ ಮತ್ತೊಂದು ಕಡೆಗೆ ಓಡುತ್ತಾರೆ. ಅಲ್ಲಿ ಅರ್ಧ ರಾಗ, ಇಲ್ಲಿ ಅರ್ಧ ಕೃತಿ ಕೇಳಿ, ಮಿಕ್ಕ ಹೊತ್ತೆಲ್ಲ ಟ್ರಾಫಿಕ್‌ನಲ್ಲಿ ಕಳೆಯುತ್ತಾರೆ. ದಿನಕ್ಕೆ ಎರಡು ಕಛೇರಿ ಪೂರ್ತಿ ಕೇಳಿದರೆ ಅದೇ ದೊಡ್ಡದು. ಮನಸ್ಸಿನಲ್ಲಿ ಉಳಿಯುವುದೂ ಅಷ್ಟೇ.

ಮ್ಯೂಸಿಕ್ ಅಕಾಡೆಮಿಯ ಉತ್ಸವ ವಾಡಿಕೆಯಂತೆ ಡಿಸೆಂಬರ್ 15ರಿಂದ ಜನವರಿ 1ರವರೆಗೆ ನಡೆಯುತ್ತದೆ. ನಿಮ್ಮ ಮೂರು ದಿನ ಅದರ ನಟ್ಟನಡುವೆ ಬಿದ್ದಿವೆ, ಒಳ್ಳೆಯದೇ ಆಯಿತು. ಅಕಾಡೆಮಿ, ನಾರದ ಗಾನ ಸಭಾ, ಮೈಲಾಪುರ ಫೈನ್ ಆರ್ಟ್ಸ್ ಕ್ಲಬ್, ರಸಿಕ ರಂಜನಿ ಸಭಾ, ಕಪಾಲೀಶ್ವರ ದೇವಸ್ಥಾನದ ಪಕ್ಕದ ಬೀದಿಯಲ್ಲೇ ಇರುವ ಭಾರತೀಯ ವಿದ್ಯಾ ಭವನ, ಎಲ್ಲವೂ ಒಂದಕ್ಕೊಂದು ಹತ್ತಿರ. ಮಧ್ಯಾಹ್ನದ ಕಛೇರಿಗಳು ಸಾಮಾನ್ಯವಾಗಿ ಚಿಕ್ಕ ವಯಸ್ಸಿನ ಕಲಾವಿದರದು. ಬಹಳಷ್ಟು ಕಡೆ ಅದಕ್ಕೆ ಟಿಕೆಟ್ ಇರುವುದಿಲ್ಲ. ದಯವಿಟ್ಟು ಅದನ್ನು ಬಿಡಬೇಡಿ. ಸಭೆಯಲ್ಲಿ ಜನ ಕಡಿಮೆ ಇದ್ದರೂ, ಆ ಹುಡುಗ ಹುಡುಗಿಯರು ಎಷ್ಟೋ ವರ್ಷದ ಅಭ್ಯಾಸವನ್ನೆಲ್ಲ ಆ ಒಂದೂವರೆ ಗಂಟೆಗೆ ತಂದು ಸುರಿಯುತ್ತಾರೆ. ಸಂಜೆಯ ದೊಡ್ಡ ಹೆಸರಿನವರಿಗೆ ಟಿಕೆಟ್ ಬೇಕು, ಮೊದಲೇ ಆನ್‌ಲೈನ್‌ನಲ್ಲಿ ನೋಡಿಟ್ಟುಕೊಳ್ಳಿ.

ನಾನು ಎಲ್ಲಕ್ಕಿಂತ ಮೇಲೆ ಇಡುವುದು ಅಕಾಡೆಮಿಯ ಬೆಳಗಿನ ಸೋದಾಹರಣ ಉಪನ್ಯಾಸಗಳನ್ನು. ಒಂದು ರಾಗವನ್ನೋ, ಸಾಹಿತ್ಯ, ಸಂಗೀತ ಎರಡನ್ನೂ ರಚಿಸಿದ ಒಬ್ಬ ವಾಗ್ಗೇಯಕಾರರನ್ನೋ ತೆಗೆದುಕೊಂಡು ವಿದ್ವಾಂಸರು ಮಾತಾಡುತ್ತಾರೆ, ಹಾಡಿ ತೋರಿಸುತ್ತಾರೆ, ಕೊನೆಗೆ ಎದುರಿಗೆ ಕೂತ ಹಿರಿಯರು ಪ್ರಶ್ನೆ ಹಾಕುತ್ತಾರೆ. ಪಾಠ ಹೇಳಿ ಬಂದವರು ನೀವು, ನಿಮಗೆ ಅದು ಖಂಡಿತ ರುಚಿಸುತ್ತದೆ. ಮೈಸೂರಿನವರಿಗೆ ಆ ಕಟ್ಟಡದಲ್ಲಿ ಕೂರುವುದೇ ಬೇರೆ ಸಂತೋಷ, ಅಲ್ವಾ? ನಮ್ಮ ಮೈಸೂರಿನ ವಾಗ್ಗೇಯಕಾರ ವಾಸುದೇವಾಚಾರ್ಯರು 1935ರಲ್ಲಿ ಅಕಾಡೆಮಿಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಕೊನೆಗಾಲದಲ್ಲಿ ಅವರು ಕಲಾಕ್ಷೇತ್ರ ಎಂಬ ನೃತ್ಯ, ಸಂಗೀತ ಶಾಲೆಯಲ್ಲಿ ಪಾಠ ಹೇಳಿಕೊಂಡು ಆ ಊರಿನಲ್ಲೇ ಇದ್ದರು. ಟಿ. ನರಸೀಪುರದ ಕಡೆಯಿಂದ ಬಂದು ಏಳು ತಂತಿ ಪಿಟೀಲು ನುಡಿಸಿದ ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂದದ್ದು ಅಲ್ಲಿಂದಲೇ. ಕಛೇರಿಗಳಲ್ಲಿ ವಾಸುದೇವಾಚಾರ್ಯರ ಕೃತಿಗಳು ಈಗಲೂ ಕೇಳಿಬರುತ್ತವೆ. ಕೊನೆಯಲ್ಲಿ ಪುರಂದರದಾಸರ ದೇವರನಾಮ ಶುರುವಾದಾಗ ಪಕ್ಕದಲ್ಲಿ ಕೂತ ತಮಿಳು ಅಜ್ಜಿಯೂ ಜೊತೆಗೆ ಗುನುಗುತ್ತಾರೆ.

ಒಂದು ಕೋರಿಕೆ. ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಮೃದಂಗದವರಿಗೆ ಬಿಟ್ಟುಕೊಡುವ ಭಾಗ, ಶುರುವಾದ ಕೂಡಲೇ ಅರ್ಧ ಸಭೆ ಕಾಫಿಗೆ ಎದ್ದು ಹೋಗುವ ಕೆಟ್ಟ ಅಭ್ಯಾಸ ಅಲ್ಲಿದೆ. ನಮ್ಮೂರಲ್ಲೂ ಇದೆ ಬಿಡಿ. ನೀವು ಏಳಬೇಡಿ. ಎರಡು ಗಂಟೆ ಪಕ್ಕದಲ್ಲಿ ಕೂತು ಹಾಡುಗಾರರನ್ನು ಹೊತ್ತು ತಂದ ಮೃದಂಗದವರಿಗೆ ಸಿಗುವ ಸಮಯ ಅದೊಂದೇ.

ಊಟದ ಚಿಂತೆ ಬೇಡ. ದೊಡ್ಡ ಸಭೆಗಳಲ್ಲಿ ಸೀಸನ್‌ಗೆಂದೇ ಕ್ಯಾಂಟೀನ್ ಹಾಕುತ್ತಾರೆ. ಕಛೇರಿ ಟಿಕೆಟ್ ಇಲ್ಲದವರೂ ಹೋಗಿ ಬಾಳೆಎಲೆ ಊಟ ಮಾಡಬಹುದು. ಬರೀ ಊಟಕ್ಕೆಂದೇ ಬರುವವರೂ ಇದ್ದಾರೆ. ಒಂದು ಗಂಟೆಗೆ ಹೋದರೆ ಕಾಯಬೇಕಾಗುತ್ತದೆ, ಹನ್ನೆರಡಕ್ಕೆಲ್ಲ ಹೋಗಿಬಿಡಿ. ಸಭಾಂಗಣದ ಒಳಗೆ ಏಸಿ ಜೋರಾಗಿರುತ್ತದೆ, ಇಬ್ಬರೂ ಶಾಲು ಇಟ್ಟುಕೊಳ್ಳಿ. ಹಿಂಗಾರಿನ ಮಳೆ ಡಿಸೆಂಬರ್ ಕೊನೆಗೆ ಇಳಿದಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಒಂದು ಕೊಡೆಯೂ ಇರಲಿ.

ಆ ಹೊತ್ತಿಗೆ ಧನುರ್ಮಾಸ ನಡೆಯುತ್ತಿರುತ್ತದೆ. ಒಂದು ದಿನವಾದರೂ ಬೆಳಗಿನ ಜಾವ ಎದ್ದು ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಿಗೆ ಹೋಗಿ. ಭಜನೆಯವರು ಹಾಡುತ್ತಾ ಬೀದಿ ಸುತ್ತುತ್ತಾರೆ. ವಾಗ್ಗೇಯಕಾರ ಪಾಪನಾಶಂ ಶಿವನ್ ಅವರು ಮುಂದೆ ನಿಂತು ಹಾಡಿಸಿದ ಪದ್ಧತಿ ಅದು. ವೇದಿಕೆಯಿಲ್ಲ, ಮೈಕಿಲ್ಲ, ಯಾರು ಬೇಕಾದರೂ ಜೊತೆಗೆ ನಡೆಯಬಹುದು. ಮನೆಗಳ ಮುಂದೆ ಆಗಷ್ಟೇ ಹಾಕಿದ ದೊಡ್ಡ ದೊಡ್ಡ ಕೋಲಗಳು, ಅಂದರೆ ರಂಗೋಲಿಗಳಿರುತ್ತವೆ, ತುಳಿಯದ ಹಾಗೆ ಬದಿಗೆ ಸರಿದು ನಡೆಯಬೇಕು ಅಷ್ಟೇ. ಈ ಊರಿಗೆ 2017ರಲ್ಲಿ ಯುನೆಸ್ಕೋದವರು ಸಂಗೀತದ ಸೃಜನಶೀಲ ನಗರ ಎಂಬ ಮನ್ನಣೆ ಕೊಟ್ಟರು. ಅದು ಯಾಕೆ ಬಂತು ಎಂದು ಆ ಬೀದಿಯಲ್ಲಿ ತಿಳಿಯುವಷ್ಟು ಚೆನ್ನಾಗಿ ನನಗೆ ಸಭಾಂಗಣದಲ್ಲೂ ತಿಳಿದಿಲ್ಲ.

ಪ್ರಶ್ನೆ: ನಾವು ಮಂಡ್ಯದವರು. ಮಕ್ಕಳಿಗೆ ಎಂಟು ವರ್ಷ, ಐದು ವರ್ಷ. ಸಮುದ್ರ ತೋರಿಸಿ ಎಂದು ಹಠ ಹಿಡಿದಿವೆ. ನಮ್ಮ ಅತ್ತೆಯವರೂ ಬರುತ್ತಾರೆ, ಅವರಿಗೆ ಮಂಡಿ ನೋವು. ಎಲ್ಲರಿಗೂ ಹೊಂದುವ ಹಾಗೆ ಮೂರು ದಿನ ಹೇಗೆ ಕಳೆಯುವುದು?
(ವಿದ್ಯಾನಗರ, ಮಂಡ್ಯ)

ಉತ್ತರ: ಮೊದಲು ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮರೀನಾದಲ್ಲಿ ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಅಲ್ಲಿ ಒಳಸೆಳೆತ ಜಾಸ್ತಿ, ಈಜುವುದಕ್ಕೆ ಪೊಲೀಸರೂ ಬಿಡುವುದಿಲ್ಲ. ಪ್ರತಿ ವರ್ಷ ಜೀವಗಳು ಹೋಗುತ್ತವೆ. ಕಾವೇರಿ, ಹೇಮಾವತಿ ನಾಲೆ ನೋಡಿ ಬೆಳೆದ ನಮಗೆ ನೀರಿನ ಭಯ ಕಡಿಮೆ, ಆದರೆ ಸಮುದ್ರದ ನೀರು ಬೇರೆ. ಮರಳಿನಲ್ಲಿ ಆಡಲಿ, ಅದೇ ಸಾಕಷ್ಟಿದೆ. ರಸ್ತೆಯಿಂದ ನೀರಿನವರೆಗೆ ನಡೆಯುವಷ್ಟರಲ್ಲೇ ಐದು ವರ್ಷದ ಮಗು ಸುಸ್ತಾಗುತ್ತದೆ, ಅಷ್ಟು ಅಗಲದ ದಡ ಅದು.

ಸಂಜೆಗಿಂತ ಬೆಳಿಗ್ಗೆ ಕರೆದುಕೊಂಡು ಹೋಗಿ. ಪೂರ್ವದ ಕಡಲು, ಹಾಗಾಗಿ ಸೂರ್ಯ ಏಳುವುದೇ ನೀರಿನಿಂದ. ಡಿಸೆಂಬರ್ ಕೊನೆಯಲ್ಲಿ ಆರೂವರೆ ಸುಮಾರಿಗೆ ಹುಟ್ಟುತ್ತಾನೆ. ಜನ ಕಡಿಮೆ, ಬಿಸಿಲಿಲ್ಲ, ಅತ್ತೆಯವರು ಫುಟ್‌ಪಾತ್ ಪಕ್ಕದ ಕಟ್ಟೆಯಲ್ಲಿ ಕೂತೇ ನೋಡಬಹುದು. ಸಂಜೆ ಹೋದರೆ ತೆಂಗಿನಕಾಯಿ, ಮಾವಿನಕಾಯಿ ಚೂರು ಹಾಕಿದ ಬಟಾಣಿ ಸುಂಡಲ್ ಸಿಗುತ್ತದೆ, ನಮ್ಮ ಉಸಲಿಯ ಥರವೇ. ಆದರೆ ಕ್ರಿಸ್‌ಮಸ್ ಸಂಜೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಚಿಕ್ಕ ಮಕ್ಕಳ ಕೈ ಬಿಟ್ಟರೆ ಹುಡುಕುವುದು ಕಷ್ಟ. ದಡದ ಲೈಟ್‌ಹೌಸ್‌ಗೆ ಲಿಫ್ಟ್ ಇದೆ. ಮಂಡಿ ನೋವಿನವರೂ ಮೇಲೆ ಹೋಗಿ ಇಡೀ ಕರಾವಳಿ ನೋಡಬಹುದು.

ಇನ್ನೊಂದು ದಿನ ಪೂರ್ತಿ ಈಸ್ಟ್ ಕೋಸ್ಟ್ ರಸ್ತೆಗೆ ಕೊಡಿ, ಕಾರು ಮಾತಾಡಿಕೊಂಡು. ಮುಟ್ಟುಕಾಡಿನಲ್ಲಿ ದಕ್ಷಿಣಚಿತ್ರ ಇದೆ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಅತ್ತೆಯವರಿಗೆ ಒಳಕಲ್ಲು, ಪಡಸಾಲೆ ಕಂಡರೆ ಮಕ್ಕಳಿಗೆ ಹೇಳಲು ಬೇಕಾದಷ್ಟು ಮಾತು ಸಿಗುತ್ತದೆ. ಇನ್ನೂ ಮುಂದೆ ಹೋದರೆ 1976ರಲ್ಲಿ ಶುರುವಾದ ಮೊಸಳೆ ಬ್ಯಾಂಕ್. ರಂಗನತಿಟ್ಟಿನಲ್ಲಿ ದೋಣಿಯಿಂದ ಮೊಸಳೆ ನೋಡಿರುತ್ತವೆ ನಿಮ್ಮ ಮಕ್ಕಳು, ಆದರೆ ಇಲ್ಲಿ ಬೇರೆ ಬೇರೆ ದೇಶದ ಜಾತಿಗಳನ್ನು ಹತ್ತಿರದಿಂದ ನೋಡಬಹುದು. ಮಹಾಬಲಿಪುರವನ್ನೂ ಅದೇ ದಿನ ಸೇರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಮಕ್ಕಳು ಕಾರಿನಲ್ಲೇ ಮಲಗಿಬಿಡುತ್ತವೆ. ವಂಡಲೂರಿನ ಮೃಗಾಲಯವೂ ಬೇಡ. ಅದು ಒಳ್ಳೆಯದೇ, ಆದರೆ ಮಂಡ್ಯದವರಿಗೆ ಮೈಸೂರು ಝೂ ಪಕ್ಕದಲ್ಲೇ ಇರುವಾಗ ಅಷ್ಟು ದೂರ ಹೋಗಿ ಹುಲಿ ಯಾಕೆ ನೋಡಬೇಕು?

ಮೂರನೆಯ ದಿನ ಗಿಂಡಿಯ ಹಾವಿನ ಪಾರ್ಕ್, ಪಕ್ಕದಲ್ಲೇ ಮಕ್ಕಳ ಪಾರ್ಕ್. ಅರ್ಧ ದಿನ ಸಾಕು.

ಪ್ರಶ್ನೆ: ನಾನು ಶ್ರೀರಂಗಪಟ್ಟಣದ ಪದವಿ ವಿದ್ಯಾರ್ಥಿ, ಇತಿಹಾಸ ಓದುತ್ತಿದ್ದೇನೆ. ಸ್ನೇಹಿತರು ಬರೀ ಮಾಲ್ ಸುತ್ತೋಣ ಅನ್ನುತ್ತಿದ್ದಾರೆ. ನಮ್ಮ ಊರಿನ ಚರಿತ್ರೆಗೆ ಸಂಬಂಧಪಟ್ಟದ್ದು ಚೆನ್ನೈನಲ್ಲಿ ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಫೋರ್ಟ್ ಸೇಂಟ್ ಜಾರ್ಜ್‌ಗೆ ಹೋಗಿ. ಕೋಟೆಯ ಒಳಗಿನ ಮ್ಯೂಸಿಯಂನಲ್ಲಿ, ಟಿಪ್ಪುವಿನ ಮೇಲೆ ಯುದ್ಧ ಮಾಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ. ಎಲ್ಲರೂ ಪ್ರತಿಮೆಯ ಮುಖ ನೋಡಿ ಮುಂದೆ ಹೋಗುತ್ತಾರೆ. ನೀವು ಕೆಳಗೆ ಪೀಠ ನೋಡಿ. 1792ರಲ್ಲಿ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಪ್ರಸಂಗವನ್ನು ಅಲ್ಲಿ ಕೆತ್ತಿದ್ದಾರೆ. ಅದು ನಡೆದದ್ದು ನಿಮ್ಮೂರಿನಲ್ಲಿ. ಆ ಹುಡುಗರನ್ನು ಕರೆದುಕೊಂಡು ಹೋದದ್ದು ಮದ್ರಾಸಿಗೆ, ಅವರು ವಾಪಸ್ ಬಂದದ್ದು 1794ರಲ್ಲಿ. ಗೆದ್ದವರು ಆ ದಿನವನ್ನು ಹೇಗೆ ಕಂಡರು, ಏನನ್ನು ದೊಡ್ಡದು ಮಾಡಿ ತೋರಿಸಿದರು ಎಂದು ಆ ಕೆತ್ತನೆಯಲ್ಲಿ ಓದಬಹುದು. ನಿಮ್ಮೂರಿನ ದರಿಯಾ ದೌಲತ್‌ನ ಗೋಡೆಯಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರಿನ ಗೆಲುವಿನ ಚಿತ್ರ ಇದೆಯಲ್ಲ, ಅದರ ಪಕ್ಕದಲ್ಲಿ ಇದನ್ನಿಟ್ಟು ಯೋಚಿಸಿ. ಎರಡನ್ನೂ ಕಣ್ಣಾರೆ ಕಂಡು ಹೋಲಿಸುವ ಅವಕಾಶ ಶ್ರೀರಂಗಪಟ್ಟಣದ ವಿದ್ಯಾರ್ಥಿಗೆ ಸಿಕ್ಕ ಭಾಗ್ಯ.

ಅದಕ್ಕೂ ಮೊದಲು, 1769ರಲ್ಲಿ, ಹೈದರ್ ತನ್ನ ಕುದುರೆ ದಂಡಿನ ಜೊತೆ ಮದ್ರಾಸಿನ ಬಾಗಿಲಿಗೇ ಬಂದು ನಿಂತಿದ್ದ. ಈಸ್ಟ್ ಇಂಡಿಯಾ ಕಂಪನಿಯವರು ಆಗ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಸೇಂಟ್ ಥಾಮಸ್ ಮೌಂಟ್ ಬೆಟ್ಟಕ್ಕೆ ಈಗ ಮೆಟ್ರೋದಲ್ಲೇ ಹತ್ತಿರದವರೆಗೆ ಹೋಗಬಹುದು. ಮೇಲೆ ನಿಂತು ಊರು ನೋಡಿದರೆ ಮದ್ರಾಸಿನವರು ಆಗ ಯಾಕೆ ಹೆದರಿದರು ಎಂದು ಅರ್ಥವಾಗುತ್ತದೆ.

ಕೋಟೆಯ ಮ್ಯೂಸಿಯಂಗೂ, 1851ರಲ್ಲಿ ಶುರುವಾದ ಎಗ್ಮೋರ್ ಮ್ಯೂಸಿಯಂಗೂ ಶುಕ್ರವಾರ ರಜೆ. ಎರಡನ್ನೂ ಶನಿವಾರಕ್ಕೆ ಇಟ್ಟುಕೊಳ್ಳಿ. ಎಗ್ಮೋರ್‌ನಲ್ಲಿ ಸಮಯ ಕಡಿಮೆ ಇದ್ದರೆ ಸೀದಾ ಕಂಚಿನ ವಿಗ್ರಹಗಳ ಗ್ಯಾಲರಿಗೆ ಹೋಗಿ. ತಿರುವಾಲಂಗಾಡಿನ ನಟರಾಜ, ತಿರುವೆಂಕಾಡಿನ ಅರ್ಧನಾರೀಶ್ವರ ಅಲ್ಲಿವೆ. ಸ್ನೇಹಿತರನ್ನೂ ಎಳೆದುಕೊಂಡು ಹೋಗಿ, ಮಾಲ್ ಸಂಜೆಗೂ ಇರುತ್ತದೆ.

ಪ್ರಶ್ನೆ: ರೈಲಿಗೆ ಯಾವಾಗ ಬುಕ್ ಮಾಡಬೇಕು? ಕೊನೆ ಗಳಿಗೆಯಲ್ಲಿ ಟಿಕೆಟ್ ಸಿಗದಿದ್ದರೆ ಏನು ಮಾಡುವುದು?
(ಮದ್ದೂರು)

ಉತ್ತರ: ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು, ಹಳೆಯ ಲೆಕ್ಕ ಹಿಡಿದು ಕೂರಬೇಡಿ. ಡಿಸೆಂಬರ್ 24, ಗುರುವಾರ ರಾತ್ರಿ ಹೊರಡಬೇಕಾದರೆ ಅಕ್ಟೋಬರ್ 25ಕ್ಕೆ, ಭಾನುವಾರ 27ರ ರಾತ್ರಿಯ ವಾಪಸ್ ಪ್ರಯಾಣಕ್ಕೆ ಅಕ್ಟೋಬರ್ 28ಕ್ಕೆ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮೊಬೈಲ್ ಹಿಡಿದು ಕೂರಿ. ರಜೆಯ ಟಿಕೆಟ್ ನಿಮಿಷಗಳಲ್ಲಿ ಮುಗಿಯುತ್ತದೆ. ರಾತ್ರಿ ಹೊರಟು ಬೆಳಿಗ್ಗೆ ಸೇರುವ ಕಾವೇರಿ ಎಕ್ಸ್‌ಪ್ರೆಸ್ ನನಗೆ ಇಷ್ಟ, ಒಂದು ರಾತ್ರಿಯ ರೂಮಿನ ಖರ್ಚೂ ಉಳಿಯುತ್ತದೆ. ಹಗಲು ಹೋಗುವವರಿಗೆ ಮೈಸೂರಿನಿಂದ ವಂದೇ ಭಾರತ್ ಇದೆ, ಆರೂವರೆ ಗಂಟೆ ಆಸುಪಾಸಿನ ಪ್ರಯಾಣ.

ಸಿಗದಿದ್ದರೆ ಬೆಂಗಳೂರಿಗೆ ಹೋಗಿ ಅಲ್ಲಿಂದ ಹಿಡಿಯಿರಿ. ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ಬೃಂದಾವನ ಎಕ್ಸ್‌ಪ್ರೆಸ್ ಇವೆ. ಮದ್ದೂರಿನವರಿಗೆ ಬೆಂಗಳೂರು ಏನು ಮಹಾ ದೂರ? ತತ್ಕಾಲ್ ನಂಬಿಕೊಂಡರೆ ಆನ್‌ಲೈನ್ ಖಾತೆಗೆ ಆಧಾರ್ ಜೋಡಿಸಿರಬೇಕು, ಅದನ್ನು ಈಗಲೇ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳತಿಯರು. ಯಾರಿಗೂ ತಮಿಳು ಬರುವುದಿಲ್ಲ. ಆಟೋದವರು ಜಾಸ್ತಿ ಕೇಳುತ್ತಾರಂತೆ. ಧೈರ್ಯವಾಗಿ ಹೋಗಬಹುದಾ?
(ಕುವೆಂಪುನಗರ, ಮೈಸೂರು)

ಉತ್ತರ: ಧಾರಾಳವಾಗಿ ಹೋಗಿ. ಮೈಲಾಪುರ, ಟಿ. ನಗರದ ಕಡೆ ಅಂಗಡಿಯವರಿಗೆ ಸಾಕಷ್ಟು ಇಂಗ್ಲಿಷ್ ಬರುತ್ತದೆ. ನಿಧಾನವಾಗಿ ಕನ್ನಡದಲ್ಲಿ ಕೇಳಿದರೂ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ. ಆಟೋವನ್ನು ಆ್ಯಪ್‌ನಲ್ಲೇ ಬುಕ್ ಮಾಡಿ. ರಸ್ತೆಯಲ್ಲಿ ನಿಲ್ಲಿಸಿದರೆ ಹತ್ತುವ ಮುಂಚೆ ದರ ಮಾತಾಡಿ. ಮೆಟ್ರೋ 2015ರಿಂದ ಓಡುತ್ತಿದೆ, ಏರ್‌ಪೋರ್ಟ್, ಎಗ್ಮೋರ್, ಸೆಂಟ್ರಲ್ ಎಲ್ಲಕ್ಕೂ ಅನುಕೂಲ. ಸೆಂಟ್ರಲ್‌ನಿಂದ ಮೈಲಾಪುರಕ್ಕಾದರೆ ಎದುರಿಗಿರುವ ಪಾರ್ಕ್ ಟೌನ್ ನಿಲ್ದಾಣದಿಂದ ಲೋಕಲ್ ರೈಲು ಹತ್ತಿ, ತಿರುಮಯಿಲೈನಲ್ಲಿ ಇಳಿಯಿರಿ. ನಮ್ಮ ಶಕ್ತಿ ಯೋಜನೆಗಿಂತ ಮುಂಚೆಯೇ, 2021ರಲ್ಲಿ, ಅಲ್ಲಿ ಹೆಂಗಸರಿಗೆ ಸಾಧಾರಣ ಬಸ್‌ನಲ್ಲಿ ಉಚಿತ ಪ್ರಯಾಣ ಶುರುವಾಗಿತ್ತು. ಗುಲಾಬಿ ಬಣ್ಣ ಬಳಿದ ಬಸ್ ನೋಡಿ ಹತ್ತಿ. ರಾತ್ರಿ ಕಛೇರಿ ಮುಗಿಯುವುದು ಒಂಬತ್ತು ದಾಟಿದ ಮೇಲೆ, ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಆಟೋ ಹುಡುಕುತ್ತಿರುತ್ತಾರೆ. ಹಾಗಾಗಿ ರೂಮು ಸಭೆಗೆ ಹತ್ತಿರದಲ್ಲೇ ಇರಲಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.