ಆನೆ ಥೀಮ್ ಬರ್ತ್‌ಡೇಗೆ ಅಜ್ಜಿಯೇ ಮುಂದಾಳು

ಪ್ರಶ್ನೆ: ಜುಲೈಯಲ್ಲಿ ಮಗನಿಗೆ ನಾಲ್ಕು ತುಂಬುತ್ತದೆ. ದುಬಾರೆ ಆನೆ ಶಿಬಿರಕ್ಕೆ ಹೋಗಿ ಬಂದಾಗಿನಿಂದ ಅವನ ಬಾಯಲ್ಲಿ ಬರೀ ಆನೆ. ಆನೆ ಥೀಮ್‌ನಲ್ಲೇ ಬರ್ತ್‌ಡೇ ಮಾಡೋಣ ಅಂದರೆ ಅತ್ತೆ ಒಪ್ಪುತ್ತಿಲ್ಲ. "ತೋಟಕ್ಕೆ ನುಗ್ಗೋದು ಸಾಲದು ಅಂತ ಮನೆಯೊಳಗೂ ಕರೀಬೇಕಾ?" ಅಂತಾರೆ. ಹತ್ತು ಹನ್ನೆರಡು ಮಕ್ಕಳು ಬರ್ತಾರೆ. ಡೆಕೋರೇಷನ್‌ನವರು ಹೇಳಿದ ರೇಟು ಕೈಗೆಟುಕುವಂತಿಲ್ಲ. ಮಳೆ ಬೇರೆ. ಏನು ಮಾಡಲಿ?
– ಒಬ್ಬ ತಾಯಿ, ಸಿದ್ದಾಪುರ

ಉತ್ತರ: ಡೆಕೋರೇಷನ್ ಬಿಟ್ಟುಬಿಡಿ. ಈ ವಯಸ್ಸಿನ ಮಕ್ಕಳು ಗೋಡೆ ನೋಡಿ ಖುಷಿಪಡುವುದು ಎರಡೇ ನಿಮಿಷ. ಅವರಿಗೆ ಆನೆ ನೋಡುವುದಕ್ಕಿಂತ ತಾವೇ ಆನೆ ಆಗಬೇಕು. ಅದಕ್ಕೆ ದುಡ್ಡು ಬೇಕಿಲ್ಲ.

ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಅವರ ಭಯ ಸುಮ್ನೆ ಬಂದದ್ದಲ್ಲ, ನಿಮ್ಮ ಕಡೆ ತೋಟದಲ್ಲಿ ಓಡಾಡುವವರಿಗೆಲ್ಲ ಅದು ಗೊತ್ತು. ಹಲಸು ಹಣ್ಣಾಗುವ ಕಾಲದಲ್ಲಂತೂ ಕತ್ತಲಾದ ಮೇಲೆ ಆನೆ ಎಲ್ಲಿಗೆ ಇಳಿಯುತ್ತದೆ ಅಂತ ಹೇಳೋಕಾಗಲ್ಲ, ಹಾಗಾಗಿ ಸಂಜೆ ಪಾರ್ಟಿ ಬೇಡವೇ ಬೇಡ. ಬೆಳಗ್ಗೆ ಹನ್ನೊಂದಕ್ಕೆ ಶುರು ಮಾಡಿ ಒಂದಕ್ಕೆ ಊಟ ಕೊಟ್ಟು ಮುಗಿಸಿ. ಮಕ್ಕಳು ನಿದ್ದೆಗೆ ರಚ್ಚೆ ಹಿಡಿಯುವ ಮೊದಲೇ ಮನೆ ಸೇರುತ್ತಾರೆ, ಮಳೆಗೆ ಕರೆಂಟ್ ಹೋದರೂ ಬೆಳಕಿರುತ್ತದೆ.

ಇನ್ನು ಅತ್ತೆಯನ್ನೇ ಮುಂದೆ ನಿಲ್ಲಿಸಿ. ಆನೆ ಹಿಂಡನ್ನು ಸಾಮಾನ್ಯವಾಗಿ ನಡೆಸುವುದು ಹಿರಿಯ ಹೆಣ್ಣಾನೆ ಅಲ್ವಾ? ಅಜ್ಜಿ ಮುಂದೆ, ಮೊಮ್ಮಗ ಹಿಂದೆ, ಅವನ ಹಿಂದೆ ಉಳಿದವರು, ಒಬ್ಬರ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಬಾಲ ಇನ್ನೊಬ್ಬರ ಕೈಯಲ್ಲಿ. ಅಜ್ಜಿ ನಿಂತರೆ ಹಿಂಡು ನಿಲ್ಲಬೇಕು, ಅಜ್ಜಿ ಕಿವಿ ಬೀಸಿದರೆ ಎಲ್ಲರೂ ಬೀಸಬೇಕು. ಜಗಲಿಯಿಂದ ಅಡುಗೆಮನೆವರೆಗೆ ಹೋಗಿ ಬಂದರೆ ಸಾಕು, ಮನೆ ತುಂಬ ನಗು. ನಿಜವಾದ ಆನೆ ಕಂಡರೆ ಹತ್ತಿರ ಹೋಗಬಾರದು, ಕೂಡಲೇ ದೊಡ್ಡವರ ಬಳಿ ಬರಬೇಕು ಅಂತ ಆಗಲೇ ಅವರ ಬಾಯಿಂದ ಹೇಳಿಸಿ. ಅವರು ಹೇಳಿದರೆ ಮಕ್ಕಳು ಕೇಳ್ತಾರೆ.

ಕಿವಿಗೆ ಬೂದು ಬಣ್ಣದ ಚಾರ್ಟ್ ಪೇಪರ್ ಸಾಕು. ನೀವು ಮೊದಲೇ ಕತ್ತರಿಸಿ, ತಲೆಗೆ ಕಟ್ಟುವ ಪಟ್ಟಿಗೆ ಅಂಟಿಸಿಡಿ. ಬಂದ ಕೂಡಲೇ ಮಕ್ಕಳ ಕೈಗೆ ಕ್ರೆಯಾನ್ ಕೊಟ್ಟರೆ ಎಲ್ಲರೂ ಸೇರುವವರೆಗೂ ಬಣ್ಣ ಹಚ್ಚುತ್ತಾ ಕೂರುತ್ತಾರೆ. ತುಂಬ ದೊಡ್ಡ ಕಿವಿ ಮಾಡಬೇಡಿ, ಅದು ಆಫ್ರಿಕಾದ್ದು. ಸೊಂಡಿಲಿಗೆ ಉದ್ದನೆಯ ಹಳೆ ಕಾಲುಚೀಲ: ಮೊಣಕೈವರೆಗೆ ಏರಿಸಿಕೊಂಡು, ಕಾಲುಚೀಲದೊಳಗಿನ ಬೆರಳಲ್ಲೇ ನೆಲದ ನಿಂಬೆಹಣ್ಣು ಎತ್ತಿ ಬುಟ್ಟಿಗೆ ಹಾಕಬೇಕು. ಹಣ್ಣು ಜಾರುತ್ತದೆ, ಉರುಳುತ್ತದೆ, ಮಂಚದ ಕೆಳಗೆ ಹೋಗುತ್ತದೆ. ಗೆಲುವು ಸೋಲು ಇಡಬೇಡಿ, ಸೋತ ಮಗು ಅಳೋಕೆ ಶುರು ಮಾಡಿದರೆ ಆಟ ಅಲ್ಲಿಗೇ ಮುಗೀತು.

ಕೇಕಿನ ಬದಲು ಪಾಪುಟ್ಟು ಮಾಡಿ ನೋಡಿ. ಅಕ್ಕಿ ತರಿ, ಹಾಲು, ತೆಂಗಿನತುರಿ, ಮಕ್ಕಳಿಗೆ ಅಂತ ಸ್ವಲ್ಪ ಸಕ್ಕರೆ. ತಟ್ಟೆಯಲ್ಲಿ ಬೇಯಿಸಿದ ಒಂದು ಪಾಪುಟ್ಟು ಮುಖ, ಇನ್ನೊಂದನ್ನು ಅರ್ಧಕ್ಕೆ ಕೊಯ್ದರೆ ಎರಡು ಕಿವಿ, ಸುಲಿದ ಬಾಳೆಹಣ್ಣು ಸೊಂಡಿಲು, ಎರಡು ಚುಕ್ಕೆ ಬೆಲ್ಲದ ಪಾಕ ಕಣ್ಣು. ಪೂರ್ತಿ ಆರಿದ ಮೇಲೆಯೇ ಕೊಯ್ಯಿರಿ, ಇಲ್ಲದಿದ್ದರೆ ಮುರಿಯುತ್ತದೆ. ಜೊತೆಗೆ ರಾಗಿ, ಬೆಲ್ಲದ ಸಣ್ಣ ಉಂಡೆ. ದುಬಾರೆಯಲ್ಲಿ ಆನೆಗೆ ರಾಗಿ ಮುದ್ದೆ ಕೊಡೋದನ್ನು ನಿಮ್ಮ ಮಗ ನೋಡಿರಬಹುದು, ಅವನಿಗೆ ಇದರ ಗುಟ್ಟು ಹೇಳಬೇಕಿಲ್ಲ!

ಒಂದು ಮಾತ್ರ ಮರೆಯಬೇಡಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಈ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಒಡೆದ ಬಲೂನಿನ ಚೂರು ಇನ್ನೂ ಅಪಾಯ, ನನ್ನ ಕೇಳಿದರೆ ಬಲೂನೇ ಬೇಡ. ಬರುವ ತಾಯಂದಿರಿಗೆ ಮಗುವಿಗೊಂದು ಜೊತೆ ಒಣ ಬಟ್ಟೆ ತರೋಕೆ ಮೊದಲೇ ಹೇಳಿಬಿಡಿ. ರಿಟರ್ನ್ ಗಿಫ್ಟ್ ಅಂತ ಬೇರೆ ಖರ್ಚು ಯಾಕೆ? ಅವರೇ ಬಣ್ಣ ಹಚ್ಚಿದ ಕಿವಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡಿ, ಮಳೆಯಲ್ಲಿ ನೆನೆಯದ ಹಾಗೆ.