ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಾಮಾಲೆ ಮತ್ತು ಲಿವರ್ ರಿಪೋರ್ಟು

ಪ್ರಶ್ನೆ: ಆಗಸ್ಟ್ ತಿಂಗಳಲ್ಲಿ ಅಣ್ಣನಿಗೆ ಜ್ವರ ಬಂದು, ಐದನೇ ದಿನಕ್ಕೆ ಕಣ್ಣು ಹಳದಿಯಾಯಿತು. ಬಿಲಿರುಬಿನ್ 14, ಎಸ್‌ಜಿಪಿಟಿ ಬರೀ 110. ಕಾಮಾಲೆ ಎಂದು ಮೊದಲು ಸೊಪ್ಪಿನ ಔಷಧಿ ಕೊಡಿಸಿದೆವು. ಆಮೇಲೆ ಆಸ್ಪತ್ರೆಯಲ್ಲಿ ಇಲಿಜ್ವರ ಎಂದರು. ಈಗ ಹುಷಾರಾಗಿದ್ದಾನೆ. ಎಸ್‌ಜಿಪಿಟಿ ಅಷ್ಟು ಕಮ್ಮಿ ಇದ್ದೂ ಕಾಮಾಲೆ ಹೇಗೆ ಬಂತು?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರುವ ಕಿಣ್ವ. ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ಹೆಪಟೈಟಿಸ್ ಎ ಅಥವಾ ಇ ಬಂದಾಗ ಕೋಶಗಳು ರಾಶಿ ರಾಶಿಯಾಗಿ ಸಾಯುವುದರಿಂದ ಅದು ಸಾಮಾನ್ಯವಾಗಿ ಸಾವಿರ ದಾಟುತ್ತದೆ. ಇಲಿಜ್ವರದ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಅಷ್ಟು ಕೋಶಗಳನ್ನು ಕೊಲ್ಲುವುದಿಲ್ಲ. ಪಕ್ಕಪಕ್ಕದ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲ ಮಾಡುತ್ತದೆ. ಸಣ್ಣ ನಾಳದಲ್ಲಿ ಹರಿಯಬೇಕಾದ ಪಿತ್ತ, ಅದರಲ್ಲಿರುವ ಹಳದಿ ಬಣ್ಣದ ಬಿಲಿರುಬಿನ್ ಸಮೇತ, ಆ ಸಂದಿನಿಂದ ರಕ್ತಕ್ಕೆ ಇಳಿಯುತ್ತದೆ. ಹ್ಯಾಮ್‌ಸ್ಟರ್‌ಗಳ ಮೇಲೆ ನಡೆದ ಸಂಶೋಧನೆಯಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಆದ್ದರಿಂದಲೇ ಬಿಲಿರುಬಿನ್ ವಿಪರೀತ ಏರಿದರೂ ಎಸ್‌ಜಿಪಿಟಿ ಸುಮಾರಾಗಿ ಏರುತ್ತದೆ, ರೋಗ ವಾಸಿಯಾದ ಮೇಲೆ ಲಿವರ್ ಮೊದಲಿನಂತಾಗುತ್ತದೆ.

ಜೀವ ಹೋಗುವುದು ಕಿಡ್ನಿಯಿಂದ, ಇಲ್ಲವೇ ಶ್ವಾಸಕೋಶದ ರಕ್ತಸ್ರಾವದಿಂದ. ಮಳೆಗಾಲದಲ್ಲಿ ಬಸಿಗಾಲುವೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡಿದವರಿಗೆ ಜ್ವರ, ಮುಟ್ಟಿದರೆ ಚೀರುವಷ್ಟು ಮೀನಖಂಡದ ನೋವು, ಗೀಜಿಲ್ಲದೆ ಕೆಂಪಾದ ಕಣ್ಣು ಕಂಡರೆ ಹಳದಿಯಾಗುವವರೆಗೆ ಕಾಯಬೇಡಿ. ಲಿವರ್ ಪರೀಕ್ಷೆಯ ಜೊತೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತು ಪ್ಲೇಟ್‌ಲೆಟ್ ನೋಡಲೇಬೇಕು. ಎಡವುವುದು ಹೆಚ್ಚಾಗಿ ಎರಡು ಕಡೆ. ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಮೊದಲ ಐದಾರು ದಿನ ನೆಗೆಟಿವ್ ಬರಬಹುದು. ಅಷ್ಟಕ್ಕೇ ಇಲಿಜ್ವರ ಅಲ್ಲ ಎಂದುಕೊಂಡುಬಿಡುತ್ತಾರೆ. ಇನ್ನೊಂದು, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್ ಮಾತ್ರೆ. ಮೊದಲೇ ಸೋತ ಕಿಡ್ನಿಗೆ ಅದು ದೊಡ್ಡ ಪೆಟ್ಟು. ಆರಂಭದಲ್ಲೇ ಬಂದರೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಸಲ, ಏಳು ದಿನ ಸಾಕಾಗುತ್ತದೆ (ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ವೈದ್ಯರು ಬೇರೆ ಔಷಧಿ ಕೊಡುತ್ತಾರೆ). ಕಾಮಾಲೆ ಕಾಣಿಸಿಕೊಂಡ ಮೇಲೆ ಅಡ್ಮಿಟ್ ಆಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು.

ಅಂದಹಾಗೆ, ಮಂಗನ ಕಾಯಿಲೆಯಲ್ಲೂ ಎಸ್‌ಜಿಪಿಟಿ ಏರುತ್ತದೆ. ಆದರೆ ಅದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕದ ಒಣಗಾಲದ ಕಾಯಿಲೆ, ಅದರಲ್ಲಿ ಕಣ್ಣು ಹಳದಿಯಾಗುವುದು ಅಪರೂಪ.

ಪ್ರಶ್ನೆ: ನನಗೆ 52 ವರ್ಷ, ತೂಕ 78 ಕಿಲೋ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಬಂದಿದೆ. ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.8 ಲಕ್ಷ. ಲಿವರ್ ಟಾನಿಕ್ ಕುಡಿದರೆ ಸಾಕೇ?
– ಓದುಗರು, ಸಾಗರ

ಉತ್ತರ: ಟಾನಿಕ್ ಬೇಡ. ಗ್ರೇಡ್ 2 ಎನ್ನುವುದು ಕೊಬ್ಬು ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಮುಂದೆ ಸಿರೋಸಿಸ್‌ಗೆ (ಲಿವರ್ ಗಂಟುಗಂಟಾಗಿ ಗಟ್ಟಿಯಾಗುವ ಸ್ಥಿತಿ) ಒಯ್ಯುವುದು ಗಾಯ ಮಾಗಿ ಉಳಿಯುವ ನಾರು, ಅಂದರೆ ಫೈಬ್ರೋಸಿಸ್. ಅದರ ಅಂದಾಜಿಗೆ ಫಿಬ್-4 ಎಂಬ ಲೆಕ್ಕವಿದೆ: ವಯಸ್ಸನ್ನು ಎಸ್‌ಜಿಒಟಿಯಿಂದ (ಎಸ್‌ಜಿಪಿಟಿಯಂತೆ ಲಿವರ್ ಕೋಶದಲ್ಲಿರುವ ಇನ್ನೊಂದು ಕಿಣ್ವ) ಗುಣಿಸಿ, ಪ್ಲೇಟ್‌ಲೆಟ್ಟನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಇಲ್ಲಿ ಪ್ಲೇಟ್‌ಲೆಟ್ ಲಕ್ಷದಲ್ಲಿ ಹಿಡಿದರೆ ಉತ್ತರ ಕೆಡುತ್ತದೆ. ಸಾವಿರದಲ್ಲಿ ಹಿಡಿಯಬೇಕು, ಅಂದರೆ 180. ನಿಮ್ಮದು 52×48 = 2496, ಕೆಳಗೆ 180×8 = 1440; ಉತ್ತರ 1.73. 1.3ಕ್ಕಿಂತ ಕಮ್ಮಿಯಿದ್ದರೆ ನಿಶ್ಚಿಂತೆಯಿಂದ ಕಾಯಬಹುದಿತ್ತು. 2.67 ದಾಟಿದ್ದರೆ ಲಿವರ್ ತಜ್ಞರ ಬಳಿ ಓಡಬೇಕಿತ್ತು. ನೀವು ನಡುವೆ ಇದ್ದೀರಿ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ. ಮೂರು ಗಂಟೆ ಏನೂ ತಿನ್ನದೆ ಹೋಗಿ, ಊಟ ಮಾಡಿ ಹೋದರೆ ಲಿವರ್ ಇರುವುದಕ್ಕಿಂತ ಗಟ್ಟಿಯೆಂದು ತೋರಿಸುತ್ತದೆ. (35ರೊಳಗಿನವರಿಗೆ ಈ ಲೆಕ್ಕ ನಂಬಲರ್ಹವಲ್ಲ, 65 ದಾಟಿದವರಿಗೆ ಕೆಳಗಿನ ಗಡಿ 2.)

ಶೇ. 5 ತೂಕ ಇಳಿದರೆ ಕೊಬ್ಬು ಕರಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ನಿಮ್ಮ ಗುರಿ ಐದೂವರೆ ಕಿಲೋ, ವಾರಕ್ಕೆ ಅರ್ಧ ಕಿಲೋದಂತೆ. ಕಾಫಿ ಬಿಡಬೇಕಿಲ್ಲ, ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ ಕಮ್ಮಿ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಬಿಡಬೇಕಾದ್ದು ಲೋಟಕ್ಕೆ ಎರಡು ಚಮಚ ಸಕ್ಕರೆ. ಮದ್ಯ ಪೂರ್ತಿ ನಿಲ್ಲಲಿ.

ಪ್ರಶ್ನೆ: ಸೊಸೆ ಆರು ತಿಂಗಳ ಬಸುರಿ. ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಬಹುದೇ?
– ಗೃಹಿಣಿ, ಹೊಸನಗರ

ಉತ್ತರ: ಬೇಡಮ್ಮ. ನೆಲನೆಲ್ಲಿಯ ಮೇಲೆ ಆಸೆ ಹುಟ್ಟಲು ಕಾರಣವಿತ್ತು. ಹೆಪಟೈಟಿಸ್ ಬಿ ವೈರಸ್ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಸೇರಿ 1988ರಲ್ಲಿ ಪ್ರಕಟಿಸಿದ ಮದ್ರಾಸಿನ ಅಧ್ಯಯನದಲ್ಲಿ, ನೆಲನೆಲ್ಲಿ ತಿಂಗಳು ಕಾಲ ತೆಗೆದುಕೊಂಡ 37 ಜನರಲ್ಲಿ 22 ಜನರ ಪರೀಕ್ಷೆ ನೆಗೆಟಿವ್ ಆಗಿತ್ತು. ಆದರೆ ನಂತರ ಬೇರೆ ಕಡೆಯ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಅಮೃತಬಳ್ಳಿಯಂತೂ ಬೇಡವೇ ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದವರಲ್ಲಿ ಲಿವರ್ ಊದಿಕೊಂಡ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಈಗಲೇ ಎಚ್‌ಬಿವಿ ಡಿಎನ್‌ಎ ಪರೀಕ್ಷೆ ಮಾಡಿಸಿ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅದು ಹೇಳುತ್ತದೆ. 2 ಲಕ್ಷ ಯೂನಿಟ್ ದಾಟಿದ್ದರೆ 28ನೇ ವಾರದ ಹೊತ್ತಿಗೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಶುರು ಮಾಡುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಮಗು ಹುಟ್ಟಿದ 24 ಗಂಟೆಯೊಳಗೆ, ಸಾಧ್ಯವಾದರೆ 12 ಗಂಟೆಯೊಳಗೆ, ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಚುಚ್ಚುಮದ್ದು ಬೀಳಬೇಕು. ಈ ಇಮ್ಯುನೋಗ್ಲೋಬ್ಯುಲಿನ್ ಎಲ್ಲ ಕಡೆ ಫ್ರಿಜ್‌ನಲ್ಲಿ ಸಿದ್ಧವಿರುವುದಿಲ್ಲ. ಎಂಟನೇ ತಿಂಗಳಲ್ಲೇ ವಿಚಾರಿಸಿ ತರಿಸಿಡಿ. ಎದೆಹಾಲು ಧಾರಾಳವಾಗಿ ಕೊಡಲಿ. 6, 10, 14ನೇ ವಾರದ ಲಸಿಕೆ ತಪ್ಪಿಸದೆ ಹಾಕಿಸಿ, 9ರಿಂದ 12 ತಿಂಗಳ ಒಳಗೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಮನೆಯ ಉಳಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು, ನೆಗೆಟಿವ್ ಇದ್ದವರು ಲಸಿಕೆ ಹಾಕಿಸಿಕೊಳ್ಳಿ. ಸೊಸೆಯ ತಟ್ಟೆ ಲೋಟ ಬೇರೆ ಇಡಬೇಡಿ, ಅದರಿಂದ ಈ ರೋಗ ಹರಡುವುದಿಲ್ಲ.